ದಿಂಬಿನ ಬಾಯಿ

ದಿಂಬಿನ ಕವರಿನ ತೆರೆದ ಬಾಯಿ ಬಾಗಿಲಿಗೆ ಬೆನ್ನು ಮಾಡಿರಬೇಕು. ನರ್ಸಿಂಗ್ ಕಾಲೇಜಿನಲ್ಲಿ ಮೊದಲ ವಾರವೇ ಹೇಳಿಕೊಡುವ ಪಾಠ ಇದು. ವಾರ್ಡಿನೊಳಗೆ ಕಾಲಿಟ್ಟವರ ಕಣ್ಣಿಗೆ ಹಾಸಿಗೆಗಳೆಲ್ಲ ಒಂದೇ ಸಮ ಕಾಣಬೇಕು, ಕವರಿನ ಜೋಲುವ ಅಂಚು ಕಾಣಬಾರದು, ಅಷ್ಟೇ ಕಾರಣ. ಹದಿನೆಂಟರ ಹುಡುಗಿಯರು ಒಂದು ಸಲ ಕೇಳಿ ಕಲಿತುಬಿಡುತ್ತಾರೆ. ನಾನು ಆಗ ಮೂವತ್ತಮೂರರ ಹೆಂಗಸು, ಒಂಬತ್ತು ವರ್ಷದ ಮಗಳ ತಾಯಿ, ಅದನ್ನು ಕಲಿಯಲು ಆರು ತಿಂಗಳು ತೆಗೆದುಕೊಂಡೆ. ಈಗ ಹೊಸಬರಿಗೆ ಅದೇ ಪಾಠ ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಬಾಯಲ್ಲಿ ಸರಿಯಾಗಿಯೇ ಹೇಳುತ್ತೇನೆ. ಕೈ ಮಾತ್ರ ಇವತ್ತಿಗೂ ಒಂದು ಕ್ಷಣ ತಡೆಯುತ್ತದೆ, ಹಳೆಯ ಮನೆಯ ದಾರಿಗೆ ತಿರುಗಲು ಹೋಗಿ ನಿಂತ ಕಾಲಿನ ಹಾಗೆ.

ಆ ಕೈಗೆ ಮೊದಲ ಪಾಠ ಬೇರೆ ಕಡೆ ಆಗಿತ್ತು. ಜೈಲಿನ ಆಸ್ಪತ್ರೆ ಕೋಣೆಯಲ್ಲಿ.

ಜೈಲಿಗೆ ಹೋದದ್ದು ಯಾಕೆಂದು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುವವರ ಮನಸ್ಸು ಅಲ್ಲೇ ಸಿಕ್ಕಿಕೊಂಡಿರುತ್ತದೆ. ಇಪ್ಪತ್ತನೇ ವಯಸ್ಸಿನಲ್ಲಿ ಒಂದು ಔಷಧಿ ಗೋದಾಮಿನಲ್ಲಿ ಕೆಲಸಕ್ಕಿದ್ದೆ. ಅವಧಿ ಮುಗಿದ ಔಷಧಿ ಅಂಗಡಿಗಳಿಂದ ಅಲ್ಲಿಗೆ ವಾಪಸ್ ಬರುತ್ತಿತ್ತು. ಒಂದು ಉದ್ದನೆಯ ಮೇಜು, ಸುತ್ತ ಆರು ಹುಡುಗಿಯರು. ಇಬ್ಬರು ಹಳೆಯ ತಾರೀಕನ್ನು ಸ್ಪಿರಿಟ್ಟಿನಿಂದ ಒರೆಸುವವರು, ಇಬ್ಬರು ಹೊಸ ತಾರೀಕಿನ ಚೀಟಿ ಅಂಟಿಸುವವರು, ಇಬ್ಬರು ಪೆಟ್ಟಿಗೆ ಕಟ್ಟುವವರು. ನಾನು ಅಂಟಿಸುವವಳು. ನನ್ನ ಚೀಟಿ ಕೂದಲೆಳೆಯಷ್ಟೂ ಓರೆಯಾಗುತ್ತಿರಲಿಲ್ಲ. ಮೇಸ್ತ್ರಿ ಬೇರೆಯವರಿಗೆ ನನ್ನ ಬಾಟಲಿ ತೋರಿಸಿ, "ನೋಡಿ ಕಲೀರಿ, ಅಚ್ಚು ಹಾಕಿದ ಹಾಗಿದೆ" ಎನ್ನುತ್ತಿದ್ದ. ನನಗೆ ಹೆಮ್ಮೆ ಆಗುತ್ತಿತ್ತು. ರೇಡಿಯೋ ಹಾಡುತ್ತಿತ್ತು, ಒಬ್ಬಳ ಮದುವೆ ಮಾತನ್ನು ಇನ್ನೊಬ್ಬಳು ಎಳೆದಾಡುತ್ತಿದ್ದಳು, ನಾಲ್ಕು ಗಂಟೆಗೆ ಚಹಾ ಬರುತ್ತಿತ್ತು. ಆ ಮೇಜಿನ ನಗು ಇನ್ನೂ ಕಿವಿಯಲ್ಲಿದೆ. ನಾಚಿಕೆಯಾಗುವುದು ಅದಕ್ಕೇ, ಆ ದಿನಗಳನ್ನು ನೆನೆದರೆ ಇವತ್ತಿಗೂ ಮೊದಲು ನೆನಪಾಗುವುದು ನಗು.

ಮಾಡುತ್ತಿರುವುದು ಏನೆಂದು ಮೂರನೇ ದಿನಕ್ಕೇ ಗೊತ್ತಾಗಿತ್ತು. ಗೊತ್ತಿರಲಿಲ್ಲ ಎಂದು ಕೋರ್ಟಿನಲ್ಲಿ ನಮ್ಮ ವಕೀಲರು ವಾದಿಸಿದರು. ಅದು ಸುಳ್ಳು. ನನಗಾದ ಶಿಕ್ಷೆ ಹದಿನಾಲ್ಕು ತಿಂಗಳು.

ಜೈಲಿನ ಆಸ್ಪತ್ರೆ ಕೋಣೆಯಲ್ಲಿ ಆರು ಕಬ್ಬಿಣದ ಮಂಚ, ಎತ್ತರದಲ್ಲೊಂದು ಕಿಟಕಿ, ನೀಲಿ ಬಣ್ಣದ ಬೀರು, ಎರಡು ಕೆಜಿ ಜಾಸ್ತಿ ತೋರಿಸುವ ತೂಕದ ಯಂತ್ರ. ಅಲ್ಲಿನ ನರ್ಸಮ್ಮನನ್ನು ಇಡೀ ಜೈಲು ಸಿಸ್ಟರಕ್ಕ ಎಂದೇ ಕರೆಯುತ್ತಿತ್ತು. ದಪ್ಪ ದೇಹ, ಸಣ್ಣ ಪಾದ, ಕೋಟಿನ ಜೇಬಿನಲ್ಲಿ ಯಾವಾಗಲೂ ಪೆಪ್ಪರ್‌ಮಿಂಟು. ತೂಕದ ಯಂತ್ರ ರಿಪೇರಿ ಮಾಡಿಸಬಾರದೇ ಎಂದರೆ, "ಯಾಕೆ ಮಾಡಿಸ್ಲಿ? ಇಲ್ಲಿಗೆ ಬಂದೋರೆಲ್ಲ ದಪ್ಪ ಆಗ್ತಾರೆ, ಊಟ ಚೆನ್ನಾಗಿದೆ ಅಂತ ಮೇಲಿನವರು ಖುಷಿಯಾಗಿ ಬರ್ಕೊಂಡು ಹೋಗ್ತಾರೆ" ಎನ್ನುತ್ತಿದ್ದಳು.

ಸಹಾಯಕ್ಕೊಬ್ಬಳು ಬೇಕೆಂದು ನಮ್ಮನ್ನು ಸಾಲಾಗಿ ನಿಲ್ಲಿಸಿದ ದಿನ ನನ್ನ ಮುಂದೆ ಬಂದು ನಿಂತಳು.

"ಯಾವ ಕೇಸು?"

"ಔಷಧಿ ಚೀಟಿದು."

"ಒರೆಸಿದೋಳೋ ಅಂಟಿಸಿದೋಳೋ?"

"ಅಂಟಿಸಿದೋಳು."

"ಹಾಗಾದ್ರೆ ಓದಕ್ಕೆ ಬರುತ್ತೆ. ಬಾ."

ಓದುವುದೇ ನನ್ನ ಕೆಲಸವಾಯಿತು. ಬಾಟಲಿ ಬೀರುವಿನಿಂದ ತೆಗೆಯುವಾಗ ಹೆಸರು, ತಾರೀಕು ಗಟ್ಟಿಯಾಗಿ ಓದಬೇಕು. ಸುರಿಯುವ ಮೊದಲು ಇನ್ನೊಮ್ಮೆ. ವಾಪಸ್ ಇಡುವಾಗ ಮತ್ತೊಮ್ಮೆ. ಮೊದಲ ವಾರ ನನಗೆ ಬೇಜಾರು ಬಂದು, "ಈಗಷ್ಟೇ ಓದಿದ್ನಲ್ಲ ಸಿಸ್ಟರಕ್ಕ, ಅದೇ ಬಾಟಲಿ" ಎಂದೆ.

"ನಿನ್ನ ಮೇಜಿನ ಮೇಲೂ ಅದೇ ಬಾಟಲಿ ಇತ್ತಲ್ವೇನೆ? ತಾರೀಕು ಮಾತ್ರ ಎರಡಾಗಿತ್ತು."

ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಬೀರು ತೆಗೆಯುವುದಕ್ಕೂ ಅವಳದೊಂದು ಕಟ್ಟುನಿಟ್ಟಿತ್ತು. ಕೀಲಿಕೈ ಅವಳ ಸೊಂಟದಲ್ಲೇ ಇರುತ್ತಿತ್ತು, ಆದರೆ ಒಬ್ಬಳೇ ಇದ್ದಾಗ ತೆಗೆಯುತ್ತಿರಲಿಲ್ಲ. "ಸಾಕ್ಷಿ ಬಾ" ಎಂದು ನನ್ನನ್ನು ಕೂಗುವಳು. ನಾನು ಪಕ್ಕದಲ್ಲಿ ನಿಂತ ಮೇಲೆ ಕೀಲಿ ತಿರುಗಿಸುವಳು. ಕೋರ್ಟಿನಲ್ಲಿ ನನ್ನ ವಿರುದ್ಧ ಏಳು ಜನ ಸಾಕ್ಷಿ ಹೇಳಿದ್ದರು. ಇಲ್ಲಿ ನಾನೇ ಸಾಕ್ಷಿ. ಬರುಬರುತ್ತಾ ಅದೇ ನನ್ನ ಹೆಸರಾಯಿತು. "ಏ ಸಾಕ್ಷಿ, ನೀರು ಕಾಯಿಸಿಡು." "ಸಾಕ್ಷಿ, ಆ ಮೂಲೆ ಮಂಚದ ಅಜ್ಜಿ ಯಾಕೆ ಮುಲುಗ್ತಾ ಇದೆ ನೋಡು."

ಮತ್ತೆ ದಿಂಬು. ಸಂಜೆ ತಪಾಸಣೆಗೆ ಜೈಲು ಕಾವಲಿನ ವಾರ್ಡರಮ್ಮ ಬರುತ್ತಿದ್ದಳು. ರೋಗ ತಗಲೀತೆಂದು ಒಳಗೆ ಬರದೆ ಬಾಗಿಲ ಸರಳಿನ ಆಚೆಯೇ ನಿಂತು ಟಾರ್ಚು ಬಿಡುತ್ತಿದ್ದಳು. ದಿಂಬಿನ ಬಾಯಿ ಬಾಗಿಲ ಕಡೆಗಿದ್ದು ಒಳಗೇನೂ ಅಡಗಿಸಿಲ್ಲವೆಂದು ಕಂಡರೆ ಸರಿ, ಹಾಗೇ ಮುಂದಕ್ಕೆ ಹೋಗುತ್ತಿದ್ದಳು. ಒಂದೇ ಒಂದು ಆಚೆ ತಿರುಗಿದ್ದರೂ ಇಬ್ಬರು ಕಾವಲಿನವರನ್ನು ಒಳಗೆ ಕಳಿಸಿ ಆರೂ ಮಂಚದ ದಿಂಬು ಎಳೆಸಿ ನೆಲಕ್ಕೆ ಹಾಕಿಸುತ್ತಿದ್ದಳು. ಜ್ವರದಲ್ಲಿದ್ದವರು, ಹೊಟ್ಟೆನೋವಿನಲ್ಲಿ ಮುದುಡಿ ಆಗಷ್ಟೇ ಕಣ್ಣು ಮುಚ್ಚಿದವರು ಎಲ್ಲರೂ ಏಳಬೇಕು. ಅದಕ್ಕೇ ದಿನಾ ಸಂಜೆ ಆರು ದಿಂಬಿನ ಬಾಯಿಯನ್ನೂ ನಾನು ಬಾಗಿಲಿಗೆ ತಿರುಗಿಸಿ, ಅಂಚು ಒಳಮಡಚಿ ಇಡುತ್ತಿದ್ದೆ. ಟಾರ್ಚಿನ ಬೆಳಕು ಆರೂ ಮಂಚ ದಾಟಿ ಹೋದ ಮೇಲೆ ಸಿಸ್ಟರಕ್ಕ ನನಗೊಂದು ಪೆಪ್ಪರ್‌ಮಿಂಟು ಕೊಡುವಳು. ಆ ಕೋಣೆ ಬಿಟ್ಟು ಎಷ್ಟು ಕಾಲವಾಯಿತು. ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡರೆ ಆ ಆರು ಜನರ ಉಸಿರು ಒಂದೊಂದಾಗಿ ಕೇಳಿದಂತಾಗುತ್ತದೆ.

ಬಿಡುಗಡೆಯ ದಿನ ಅವಳು ಹೆಚ್ಚೇನೂ ಹೇಳಲಿಲ್ಲ. "ಆ ಬಾಗಿಲಿಂದ ಮತ್ತೆ ಬರಬೇಡ. ಬರಲೇಬೇಕು ಅಂದ್ರೆ ನಾನು ಬರೋ ಬಾಗಿಲಿಂದ ಬಾ" ಎಂದಳು.

ಹೊರಗೆ ಬಂದ ಮೇಲೆ ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಹತ್ತು ವರ್ಷ ದುಡಿದೆ. ಮದುವೆಯಾಯಿತು. ನಮ್ಮವರು ದೂರದೂರಿಗೆ ಲಾರಿ ಓಡಿಸುತ್ತಾರೆ, ವಾರಕ್ಕೆರಡು ದಿನ ಮನೆಯಲ್ಲಿರುತ್ತಾರೆ. ಮದುವೆಗೆ ಮುಂಚೆ ನನ್ನ ಕಥೆ ಹೇಳಿದಾಗ, "ನಾನೂ ಲಾರೀಲಿ ಏನೇನು ಸಾಗಿಸಿದೀನೋ, ಟಾರ್ಪಾಲು ಬಿಚ್ಚಿ ನೋಡಿಲ್ಲ" ಎಂದರು. ಅಷ್ಟಕ್ಕೇ ಮಾತು ಮುಗಿದಿತ್ತು.

ಸಾಬೂನಿನ ಹಬೆಯಲ್ಲಿ ನಿಂತು ವಾರ್ಡುಗಳ ಬೆಡ್‌ಶೀಟು ಮಡಚುವಾಗಲೆಲ್ಲ ಮೇಲಿನ ಮಹಡಿಗೆ ಕಿವಿ ಕೊಡುತ್ತಿದ್ದೆ. ಕೊನೆಗೆ ಧೈರ್ಯ ಮಾಡಿ ನರ್ಸಿಂಗ್ ಕಾಲೇಜಿನ ಅರ್ಜಿ ತಂದೆ. ಏಳನೇ ಪ್ರಶ್ನೆ: ನೀವು ಯಾವುದಾದರೂ ಅಪರಾಧದಲ್ಲಿ ಶಿಕ್ಷೆಗೆ ಒಳಗಾಗಿದ್ದೀರಾ? ಹೌದು, ಇಲ್ಲ ಎಂದು ಎರಡು ಚೌಕ. ಅದರ ಮುಂದೆ ಎರಡು ದಿನ ಕೂತೆ.

"ಇಲ್ಲ ಅಂತ ಹಾಕ್ಬಿಡು" ಎಂದರು ನಮ್ಮವರು. "ಯಾವ ಕಾಲದ್ದು ಅದು. ಈಗ ಯಾರು ಕೆದಕ್ತಾರೆ?"

"ಹಳೇ ತಾರೀಕಿನ ಮೇಲೆ ಹೊಸ ಚೀಟಿ ಅಂಟಿಸಿದ ಹಾಗಾಗುತ್ತೆ ಕಣ್ರೀ."

ಅವರು ತಲೆ ಕೆರೆದುಕೊಂಡರು. "ಸರಿ. ಆ ಕೆಲಸ ನಿನಗೆ ಚೆನ್ನಾಗಿ ಬರುತ್ತೆ, ಆದ್ರೂ ಬೇಡ" ಎಂದರು. ನಾನು ಹೌದು ಎಂಬ ಚೌಕಕ್ಕೆ ಗುರುತು ಹಾಕಿದೆ.

ಕಾಲೇಜಿನವರು ಅರ್ಜಿ ತಿರಸ್ಕರಿಸಲಿಲ್ಲ. ಪ್ರಿನ್ಸಿಪಾಲರು ಕೋಣೆಗೆ ಕರೆದು, ನೋಂದಣಿ ಮಂಡಳಿಯ ಸಮಿತಿಯೊಂದು ನನ್ನ ವಿಷಯ ನೋಡುತ್ತದೆ, ಅದಕ್ಕೆ ಆರು ತಿಂಗಳು ಬೇಕು, ಅಲ್ಲಿಯವರೆಗೆ ತರಗತಿಯಲ್ಲಿ ಕೂರಬಹುದು ಎಂದರು. "ಅವರು ಆಗಲ್ಲ ಅಂದ್ರೆ ಅವತ್ತೇ ನಿಲ್ಲಿಸಬೇಕಾಗುತ್ತೆ. ಮುಂದೆ ಯಾವ ಕಾಲೇಜಲ್ಲೂ ಆಗಲ್ಲ. ಯೋಚನೆ ಮಾಡಿ." ಯೋಚನೆ ಮಾಡಲು ಏನಿತ್ತು? ಮಾರನೇ ದಿನ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ.

ತರಗತಿಯ ಹುಡುಗಿಯರು ನನ್ನನ್ನು ಆಂಟಿ ಎನ್ನುತ್ತಿದ್ದರು. ಅವರಿಗೆ ವಿಷಯ ಗೊತ್ತಿರಲಿಲ್ಲ. ನಾಡಿ ನೋಡುವುದು, ಗಾಯ ಕಟ್ಟುವುದು ಎಲ್ಲ ಬೇಗ ಕೈಗೆ ಹತ್ತಿತು. ಹಾಸಿಗೆ ಹಾಸುವ ಪರೀಕ್ಷೆಯಲ್ಲಿ ಮಾತ್ರ ಎಡವುತ್ತಿದ್ದೆ. ಬೆಡ್‌ಶೀಟು ಎಳೆದು ಮೂಲೆ ಮಡಚಿ ಸುಕ್ಕಿಲ್ಲದೆ ಮುಗಿಸಿ, ಕೊನೆಗೆ ದಿಂಬಿಟ್ಟು ಹಿಂದೆ ಸರಿದು ನೋಡಿದರೆ ಅದರ ಬಾಯಿ ಬಾಗಿಲನ್ನೇ ನೋಡುತ್ತಿರುತ್ತಿತ್ತು.

"ಆಂಟಿ, ನಿಮ್ಮ ದಿಂಬಿಗೆ ಬಾಗಿಲು ಅಂದ್ರೆ ಅಷ್ಟು ಪ್ರೀತಿನಾ?" ಎಂದು ಪಕ್ಕದವಳು ಕಿಸಕ್ಕೆಂದಳು.

ಟ್ಯೂಟರ್ ಮೇಡಂ ಒಳ್ಳೆಯವರೇ. ಮೊದಲ ಸಲ ನಕ್ಕರು. ಎರಡನೇ ಸಲ ತಾವೇ ತಿರುಗಿಸಿ ತೋರಿಸಿದರು. ಮೂರನೇ ಸಲ ಅಂಕ ಕಳೆದರು. ನಾಲ್ಕನೇ ಸಲ, "ಬೇಕು ಅಂತ ಮಾಡ್ತೀರಾ?" ಎಂದು ಕೇಳಿದರು. ಕಾರಣ ಹೇಳಿದರೆ ಇಡೀ ತರಗತಿಗೆ ಎಲ್ಲವನ್ನೂ ಹೇಳಬೇಕು. ನಾನು ನೆಲ ನೋಡುತ್ತಾ ನಿಂತೆ. ಅವರು ನನ್ನ ಕಡತದಲ್ಲಿ ಕೆಂಪು ಶಾಯಿಯಲ್ಲಿ ಬರೆದರು: ಹೇಳಿದ್ದನ್ನು ಕೇಳುವುದಿಲ್ಲ, ನಾಲ್ಕು ಬಾರಿ ತಿದ್ದಿದರೂ ಅದೇ ತಪ್ಪು. ಆ ಕಡತವೇ ಸಮಿತಿಗೆ ಹೋಗುವುದಿತ್ತು.

ಸಮಿತಿಯ ಪತ್ರ ಬಂತು. ಇಂಥ ದಿನ ಬರಬೇಕು, ಜೈಲಿನಲ್ಲಿದ್ದಾಗಿನ ನಡತೆ ಬಲ್ಲವರೊಬ್ಬರ ಪತ್ರ ತರಬೇಕು ಎಂದಿತ್ತು. ಬಲ್ಲವಳು ಒಬ್ಬಳೇ.

ಸಿಸ್ಟರಕ್ಕ ಆಗಲೇ ನಿವೃತ್ತಿಯಾಗಿ ಸೈಕಲ್ ಅಂಗಡಿಯೊಂದರ ಮೇಲಿನ ಎರಡು ಕೋಣೆಯಲ್ಲಿದ್ದಳು. ಮೆಟ್ಟಿಲು ಹತ್ತುವಾಗ ಕೆಳಗೆ ಯಾರೋ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದ ಸದ್ದು. ಬಾಗಿಲು ತೆಗೆದವಳು ಕನ್ನಡಕ ಏರಿಸಿ, ಇಳಿಸಿ ನೋಡಿದಳು. ಸೊರಗಿದ್ದಳು. ಪಾದ ಮಾತ್ರ ಅಷ್ಟೇ ಸಣ್ಣವು.

"ಅಂಟಿಸಿದೋಳು" ಎಂದಳು.

"ಹೌದು ಸಿಸ್ಟರಕ್ಕ."

"ಒಳಗೆ ಬಾ. ದಪ್ಪ ಆಗಿದೀಯ. ನಮ್ಮ ತೂಕದ ಯಂತ್ರ ಈಗ ಸರಿಯಾಗೇ ತೋರಿಸ್ತಿತ್ತೇನೋ."

ಒಳಗೆ ಹೋದವಳ ಕಣ್ಣು ಮೊದಲು ಬಿದ್ದದ್ದು ಅವಳ ಹಾಸಿಗೆಯ ಮೇಲೆ. ಬಿಳಿ ದಿಂಬು. ಅದರ ಬಾಯಿ ಬಾಗಿಲ ಕಡೆಗೆ, ಅಂಚು ಒಳಮಡಚಿ. ನನಗೆ ನಗು ಬಂತು.

"ಇಲ್ಲಿ ಯಾರು ಬರ್ತಾರೆ ಸಿಸ್ಟರಕ್ಕ, ತಪಾಸಣೆಗೆ?"

ಅವಳೂ ಹಾಸಿಗೆಯನ್ನು ನೋಡಿದಳು. "ಯಾರೂ ಬರಲ್ಲ ಕಣೆ. ಅದೇ ಬೇಜಾರು."

ಚಹಾ ಕುಡಿಯುತ್ತಾ ಹಳೆಯದೆಲ್ಲ ಒಂದೊಂದಾಗಿ ಹೊರಬಂತು. ಮೂಲೆ ಮಂಚದ ಅಜ್ಜಿ, ನೀಲಿ ಬೀರು, ವಾರ್ಡರಮ್ಮನ ಟಾರ್ಚಿನ ಸೆಲ್ಲು ಖಾಲಿಯಾಗಿ ಬೆಂಕಿಕಡ್ಡಿ ಗೀರಿದ ಸಂಜೆ. ಜೈಲನ್ನು ನೆನೆದು ಯಾರಾದರೂ ಇಷ್ಟು ಖುಷಿಪಡುತ್ತಾರೆಯೇ ಎಂದು ಕೆಳಗಿನ ಅಂಗಡಿಯವರು ಕೇಳಬೇಕಿತ್ತು. ಕಾಲೇಜಿನ ದಿಂಬಿನ ಕಥೆಯನ್ನು, ಕೆಂಪು ಶಾಯಿಯನ್ನು ಹೇಳಿದೆ. ಅವಳು ಕೆಮ್ಮು ಬರುವ ತನಕ ನಕ್ಕಳು. ಆಮೇಲೆ ಥಟ್ಟನೆ ಮುಖ ಗಂಭೀರ ಮಾಡಿಕೊಂಡು ಕಾಗದ, ಪೆನ್ನು ತೆಗೆದುಕೊಂಡಳು.

"ಹೊಗಳಿ ಬರಿಯಲ್ಲ. ಕಂಡದ್ದು ಬರೀತೀನಿ."

"ಅಷ್ಟು ಸಾಕು."

ಬರೆದು, ಲಕೋಟೆಗೆ ಹಾಕಿ, ಗೋಂದು ಹಚ್ಚಿ, ಮೇಲೆ ಅಂಗೈ ಒತ್ತಿ ಹಿಡಿದಳು. "ಬಿಚ್ಚಿ ಓದಬೇಡ. ಬಿಚ್ಚಿದ್ರೂ ಗೊತ್ತಾಗದ ಹಾಗೆ ತಿರುಗಿ ಅಂಟಿಸಕ್ಕೆ ಬರುತ್ತೆ ಅಂತ ನನಗೆ ಗೊತ್ತು."

ಬಸ್ಸಿನಲ್ಲಿ ಒಂದೂವರೆ ಗಂಟೆ ಆ ಲಕೋಟೆ ತೊಡೆಯ ಮೇಲಿತ್ತು. ಅಂಚಿನ ಒಂದು ಕಡೆ ಗೋಂದು ಸರಿಯಾಗಿ ಹಿಡಿದಿರಲಿಲ್ಲ. ಉಗುರು ತೂರಿಸಿದರೆ ಸಾಕು ಬಿಚ್ಚಿಕೊಳ್ಳುತ್ತಿತ್ತು. ನನ್ನ ಬದುಕು ಅದರೊಳಗಿತ್ತು, ಅದನ್ನು ಓದುವ ಹಕ್ಕು ನನಗಿಲ್ಲವೇ ಎಂದು ಮನಸ್ಸು ಲಾಯರಿಕೆ ಮಾಡಿತು. ಕೈಗಳೆರಡನ್ನೂ ತೊಡೆಯ ಕೆಳಗೆ ಹಾಕಿಕೊಂಡು ಕೂತೆ.

ಸಮಿತಿಯಲ್ಲಿ ಮೂವರು. ನಡುವೆ ಕನ್ನಡಕಕ್ಕೆ ದಾರ ಕಟ್ಟಿಕೊಂಡ ಅಧ್ಯಕ್ಷೆ, ಒಂದು ಪಕ್ಕಕ್ಕೆ ವಕೀಲರು, ಇನ್ನೊಂದು ಪಕ್ಕಕ್ಕೆ ವಯಸ್ಸಾದ ಡಾಕ್ಟರು. ನನಗೊಂದು ಒಂಟಿ ಕುರ್ಚಿ.

ಅಧ್ಯಕ್ಷೆ ನೇರವಾಗಿಯೇ ಶುರು ಮಾಡಿದರು. "ನೀವು ಚೀಟಿ ಅಂಟಿಸಿದ ಔಷಧಿ ಕುಡಿದೋರಿಗೆ ಏನಾಯ್ತು?"

"ಗೊತ್ತಿಲ್ಲ ಮೇಡಂ."

"ಯಾರಿಗೂ ತೊಂದರೆ ಆಗಿಲ್ಲ ಅಂತ ನಿಮ್ಮ ವಕೀಲರು ಹೇಳಿದ್ದಾರೆ, ಇಲ್ಲಿದೆ."

"ಹೇಳಿದ್ರು. ಆಗಿದೆ ಅಂತ ತೋರಿಸೋರು ಯಾರೂ ಬರಲಿಲ್ಲ, ಅಷ್ಟೇ. ಅದರಲ್ಲಿ ಮಕ್ಕಳ ಕೆಮ್ಮಿನ ಔಷಧಿನೂ ಇತ್ತು. ಮಗು ಕೆಮ್ಮು ವಾಸಿ ಆಗದೇ ಇದ್ರೆ ತಾಯಿ ಇನ್ನೊಂದು ಬಾಟಲಿ ತರ್ತಾಳೆ. ಚೀಟಿ ಮೇಲೆ ಅನುಮಾನ ಪಡಲ್ಲ. ನನ್ನ ಚೀಟಿ ಅಷ್ಟು ನೇರವಾಗಿರ್ತಿತ್ತು."

ಡಾಕ್ಟರು ಕಡತದ ಹಾಳೆ ತಿರುಗಿಸಿದರು. "ಓದಿನಲ್ಲಿ ಚೆನ್ನಾಗಿದೀರಿ. ಆದ್ರೆ ಇದೇನು, ಹೇಳಿದ್ದನ್ನು ಕೇಳುವುದಿಲ್ಲ ಅಂತ ಬರೆದಿದ್ದಾರೆ. ಔಷಧಿ ಕೊಡೋ ಕೆಲಸದಲ್ಲಿ ಅದು ಸಣ್ಣ ಮಾತಲ್ಲ. ಒಂದು ದಿಂಬು ತಿರುಗಿಸಿ ಇಡಕ್ಕೆ ಏನು ಕಷ್ಟ?"

ಹೇಳಿದೆ. ಟಾರ್ಚು, ಸರಳು, ಆರು ಮಂಚ. "ಬಾಯಿ ಈ ಕಡೆ ಇದ್ರೆ ಅವರನ್ನ ಯಾರೂ ಎಬ್ಬಿಸಲ್ಲ ಅಂತ ಕೈ ಕಲಿತುಬಿಟ್ಟಿದೆ ಸರ್. ಕಾಲೇಜಿನದು ಸರಿ ಅಂತ ತಲೆಗೆ ಗೊತ್ತು. ಕೈಗೆ ಗೊತ್ತಾಗ್ತಾ ಇದೆ, ನಿಧಾನವಾಗಿ."

ಅಧ್ಯಕ್ಷೆ ಲಕೋಟೆ ಎತ್ತಿಕೊಂಡರು. ಬಿಚ್ಚುವ ಮೊದಲು ಅದರ ಅಂಚಿನ ಉದ್ದಕ್ಕೂ ಉಗುರು ಆಡಿಸಿ ನೋಡಿದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಆಮೇಲೆ ಗಟ್ಟಿಯಾಗಿ ಓದಿದರು.

"ಇವಳು ನನ್ನ ಕೈಕೆಳಗೆ ಹನ್ನೊಂದು ತಿಂಗಳು ಕೆಲಸ ಮಾಡಿದಳು. ಮೊದಲ ವಾರ ಸೋಮಾರಿ, ಆಮೇಲೆ ಅಲ್ಲ. ಔಷಧಿಯ ತಾರೀಕನ್ನು ಮೂರು ಸಲ ಓದುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಬಿಡುಗಡೆಗೆ ನಾಲ್ಕು ದಿನ ಮುಂಚೆ ಒಬ್ಬಳು ರೋಗಿಗೆ ಉಸಿರು ಕಟ್ಟಿತು. ನಾನು ರೋಗಿಯನ್ನು ಹಿಡಿದುಕೊಂಡಿದ್ದೆ, ಬೀರುವಿನ ಕೀಲಿಕೈಯನ್ನು ಇವಳ ಕಡೆಗೆ ಎಸೆದೆ. ಇವಳು ಅದನ್ನು ತೆಗೆದುಕೊಂಡು ಬೀರುವಿನ ಹತ್ತಿರ ಓಡಿ, ಅಲ್ಲಿಂದ 'ಸಿಸ್ಟರಕ್ಕ, ಈ ಕಡೆ ನೋಡ್ತಾ ಇರಿ, ಸಾಕ್ಷಿ ನೀವು' ಎಂದು ಕೂಗಿ, ಆಮೇಲೆ ತೆರೆದಳು. ತಾರೀಕನ್ನೂ ಓದಿದಳು. ರೋಗಿ ಬದುಕಿದಳು. ಇದು ನಾನು ಕಂಡದ್ದು. ದಿಂಬಿನ ತಪ್ಪು ಅವಳದಲ್ಲ, ನಾನು ಕಲಿಸಿದ್ದು. ಆ ಅಂಕವನ್ನು ನನಗೆ ಕಳೆಯಬೇಕಾಗಿ ವಿನಂತಿ."

ಆ ದಿನ ಹಾಗೆ ಕೂಗಿದ್ದು ನನಗೆ ಮರೆತೇಹೋಗಿತ್ತು.

ಹೊರಗಿನ ಬೆಂಚಿನಲ್ಲಿ ಅರ್ಧ ಗಂಟೆ ಕೂರಿಸಿದರು. ಎದುರಿನ ಗೋಡೆಯ ಸುಣ್ಣ ಒಂದು ಕಡೆ ಸುಲಿದು, ಕೆಳಗಿನ ಹಳೆಯ ಹಸಿರು ಬಣ್ಣ ಕಾಣುತ್ತಿತ್ತು. ಅದನ್ನೇ ನೋಡುತ್ತಾ ಕೂತೆ. ಒಳಗೆ ಕರೆದಾಗ ಅಧ್ಯಕ್ಷೆ ಹೇಳಿದರು. ಓದು ಮುಂದುವರಿಸಬಹುದು, ಮುಗಿಸಿದ ಮೇಲೆ ನೋಂದಣಿಗೆ ಅಡ್ಡಿಯಿಲ್ಲ. ಒಂದು ಷರತ್ತು. ಕೆಲಸಕ್ಕೆ ಸೇರಿದ ಮೇಲೆ ಎರಡು ವರ್ಷ ಔಷಧಿ ಬೀರುವನ್ನು ಒಬ್ಬಳೇ ತೆರೆಯಬಾರದು. ಪ್ರತಿ ಸಲವೂ ಇನ್ನೊಬ್ಬರು ಪಕ್ಕದಲ್ಲಿ ನಿಂತಿರಬೇಕು.

ನನಗೆ ನಗು ತಡೆಯಲಾಗಲಿಲ್ಲ.

"ನಗೋ ಅಂಥದ್ದು ಏನಿದೆ?"

"ಏನಿಲ್ಲ ಮೇಡಂ. ಅಲ್ಲಿ ನನ್ನ ಹೆಸರೇ ಸಾಕ್ಷಿ ಅಂತ ಇತ್ತು."

ಆ ಎರಡು ವರ್ಷ ಮುಗಿದು ಈಗ ಬಹಳ ಕಾಲವಾಯಿತು. ಷರತ್ತು ತೆಗೆದುಹಾಕಿದ್ದೇವೆ ಎಂದು ಎರಡು ಸಾಲಿನ ಪತ್ರವೂ ಬಂತು. ಸಿಸ್ಟರಕ್ಕ ಆ ಪತ್ರ ನೋಡಲು ಇರಲಿಲ್ಲ. ನಾನು ಮಾತ್ರ ಇವತ್ತಿಗೂ ಬೀರುವಿನ ಮುಂದೆ ನಿಂತು, "ಯಾರಾದ್ರೂ ಬನ್ರೇ" ಎಂದು ಕೂಗುತ್ತೇನೆ. ಹೊಸ ಹುಡುಗಿಯರು ಗೊಣಗಿಕೊಂಡೇ ಬರುತ್ತಾರೆ.

ಅವತ್ತು ಸಮಿತಿಯಿಂದ ಮನೆಗೆ ಬಂದಾಗ ಮಗಳು ಬಾಗಿಲಲ್ಲೇ ನಿಂತಿದ್ದಳು. ಎರಡು ದಿನದಿಂದ ಅವಳಿಗೆ ಕೆಮ್ಮು.

"ಹೂಂ ಅಂದ್ರಾ, ಉಹೂಂ ಅಂದ್ರಾ?"

"ಹೂಂ ಅಂದ್ರು."

"ಹಾಗಾದ್ರೆ ಅಪ್ಪಂಗೆ ಫೋನ್ ಮಾಡು. ಆಗಲೇ ಮೂರು ಸಲ ಮಾಡಿದ್ರು, ಲಾರಿ ಪಕ್ಕಕ್ಕೆ ಹಾಕ್ಕೊಂಡು ಕೂತಿದಾರಂತೆ."

ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ಲಾರಿಯ ಹಾರ್ನು ಉದ್ದಕ್ಕೆ ಕೇಳಿಸಿತು. ಮಗಳು ಕೆಮ್ಮುತ್ತಲೇ ನಕ್ಕಳು. ನಾನು ಔಷಧಿಯ ಗೂಡಿನ ಹತ್ತಿರ ಹೋಗಿ, "ಬಾ ಇಲ್ಲಿ, ಸಾಕ್ಷಿಗೆ" ಎಂದೆ.

"ಕೆಮ್ಮು ಬಂದಿರೋದು ನನಗೆ. ಓದೋದೂ ನಾನೇನಾ?"

"ನೀನೇ. ಗಟ್ಟಿಯಾಗಿ."

ಅವಳು ಬಾಟಲಿ ಬೆಳಕಿಗೆ ಹಿಡಿದು ಹೆಸರು, ತಾರೀಕು ಓದಿದಳು. ಸುರಿಯುವ ಮೊದಲು ಓದಿದಳು. ವಾಪಸ್ ಇಡುವಾಗ, "ಅಮ್ಮ, ಅಷ್ಟರಲ್ಲಿ ತಾರೀಕೇನು ಬದಲಾಗಿರುತ್ತಾ?" ಎಂದು ಕೇಳಿದಳು.

"ಆಗಬಾರದು. ಅದಕ್ಕೇ ಓದೋದು."

ಔಷಧಿ ಕುಡಿದು ಅವಳು ಮಲಗಿದಳು. ಕಿಟಕಿಯಲ್ಲಿ ಇನ್ನೂ ಸಂಜೆಯ ಬಿಸಿಲಿತ್ತು. ಸೀರೆ ಬದಲಿಸಿ ಬಂದು ನೋಡಿದರೆ, ಬೆಳಿಗ್ಗೆ ಗಡಿಬಿಡಿಯಲ್ಲಿ ನಾನೇ ಹಾಸಿದ ಹಾಸಿಗೆ, ಅವಳ ತಲೆಯಡಿಯ ದಿಂಬಿನ ಬಾಯಿ ಬಾಗಿಲ ಕಡೆಗಿತ್ತು. ಇನ್ನು ಈ ಅಭ್ಯಾಸ ಬಿಡಬೇಕು, ಮನೆಯಿಂದಲೇ ಶುರುಮಾಡಬೇಕು ಎಂದುಕೊಂಡು ತಿರುಗಿಸಲು ಕೈ ಹಾಕಿದೆ. ಕೆಮ್ಮು ನಿಂತು ಅವಳಿಗೆ ಆಗಷ್ಟೇ ನಿದ್ದೆ ಹತ್ತಿತ್ತು.

ಕೈ ಹಿಂದಕ್ಕೆ ತೆಗೆದುಕೊಂಡೆ.